ತಿಂದದ್ದೆಷ್ಟು, ಇಟ್ಟದ್ದೆಷ್ಟು?



ಹೋದ ಮಳೆಗಾಲದಲ್ಲಿ ಹಳ್ಳಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ತಾಯಿ, "ಸ್ವಾಮಿ, ನಾವು ತಂದ ಮಿಶ್ರತಳಿ ಹೇಂಟೆಗಳು ಚೆನ್ನಾಗಿ ಇಟ್ಟವು. ಅವುಗಳ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿಸಿದೆ. ಈ ಮರಿಗಳು ಬೆಳೆದು ತಿನ್ನೋದು ಹೆಚ್ಚು, ಇಡೋದು ಕಮ್ಮಿ. ಮಗಳ ಶಾಲೆ ಖರ್ಚಿಗೆ ಮೊಟ್ಟೆ ಕಾಸೇ ಆಧಾರ. ಆಹಾರ ಕೆಟ್ಟಿದೆಯೇ?" ಎಂದು ಕೇಳಿದರು. ಆಹಾರ ಕೆಟ್ಟಿರಲಿಲ್ಲ. ತೊಡಕು ಇದ್ದದ್ದು ವಂಶದಲ್ಲಿ.

ಬಿಳಿ ಲೆಗ್‌ಹಾರ್ನ್ ಸಣ್ಣ ಮೈಯ ಕೋಳಿ. ಮೈ ಸಾಕಲು ಅದಕ್ಕೆ ಕಡಿಮೆ ಆಹಾರ ಸಾಕು. ರೋಡ್ ಐಲೆಂಡ್ ರೆಡ್ ಮೈತುಂಬಿದ ಕೋಳಿ, ತಿನ್ನುವುದೂ ಹೆಚ್ಚು. ಇವೆರಡನ್ನು ಕೂಡಿಸಿದರೆ ಮೊದಲ ಪೀಳಿಗೆಗೆ ಹೊಸ ಹುರುಪು ಬರುತ್ತದೆ. ಆ ಮಿಶ್ರತಳಿಗಳನ್ನೇ ಮತ್ತೆ ಕೂಡಿಸಿದರೆ ಹುರುಪು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮರಿಗಳಲ್ಲೂ ಒಂದು ಅಜ್ಜನಂತೆ, ಒಂದು ಅಜ್ಜಿಯಂತೆ.

ಇನ್ನೊಂದು ಮಾತು. ಒಂದೇ ತೂಕದ, ಒಂದೇ ಲೆಕ್ಕಕ್ಕೆ ಮೊಟ್ಟೆ ಇಡುವ ಹೇಂಟೆಗಳೂ ಸಮನಾಗಿ ತಿನ್ನುವುದಿಲ್ಲ. ಫ್ರಾನ್ಸ್ ದೇಶದಲ್ಲಿ 1976ರಿಂದ ರೋಡ್ ಐಲೆಂಡ್ ರೆಡ್ ಕೋಳಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಹೆಚ್ಚು ತಿನ್ನುವವನ್ನು, ಇನ್ನೊಂದರಲ್ಲಿ ಕಡಿಮೆ ತಿನ್ನುವವನ್ನು ಆರಿಸುತ್ತ ಬಂದರು. ತಲೆಮಾರು ಕಳೆದಂತೆ ಅಂತರ ಬೆಳೆಯಿತು. ಹೊಟ್ಟೆಬಾಕ ಗುಂಪು ತಿಂದದ್ದನ್ನು ಬಹಳಷ್ಟು ಮೈಶಾಖವಾಗಿ ಕಳೆಯುತ್ತಿತ್ತು. ಅಂದರೆ ಈ ಗುಣವೂ ರಕ್ತದಲ್ಲೇ ಬರುತ್ತದೆ.

ಲೆಕ್ಕ ನೋಡಿ. ಎರಡು ಹೇಂಟೆಗಳು ತಿಂಗಳಿಗೆ ತಲಾ 20 ಮೊಟ್ಟೆ ಇಟ್ಟವು ಎನ್ನೋಣ. ಒಂದು ದಿನಕ್ಕೆ 110 ಗ್ರಾಂ, ಇನ್ನೊಂದು 130 ಗ್ರಾಂ ತಿಂದರೆ, ಮೊದಲನೆಯದಕ್ಕೆ ಮೊಟ್ಟೆಗೆ 165 ಗ್ರಾಂ, ಎರಡನೆಯದಕ್ಕೆ 195 ಗ್ರಾಂ ಆಹಾರ ಬೇಕಾಯಿತು. ಅಂಥ ಹತ್ತು ಕೋಳಿ ಸಾಕಿದರೆ ವರ್ಷಕ್ಕೆ 73 ಕಿಲೋ ಹೆಚ್ಚು! ಕೋಳಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರದ್ದೇ ಅಲ್ಲವೇ?

ಆದ್ದರಿಂದ ಮಾಡಬೇಕಾದ್ದು ಇಷ್ಟು. ವಾರಕ್ಕೊಮ್ಮೆ ಹಾಕಿದ ಆಹಾರ ತೂಗಿ, ಮೊಟ್ಟೆ ಎಣಿಸಿ, ಗೋಡೆಯ ಮೇಲೆ ಬರೆದಿಡಿ. ಚೆಲ್ಲಿದ್ದು, ಇಲಿ ತಿಂದದ್ದು ಕೋಳಿಯ ಲೆಕ್ಕಕ್ಕೆ ಸೇರದಂತೆ ನೋಡಿಕೊಳ್ಳಿ. ಮಿಶ್ರತಳಿಯ ಮೊಟ್ಟೆಗಳನ್ನು ಮಾರಿ, ತಿನ್ನಿ, ಮರಿಗೆಂದು ಇಡಬೇಡಿ. ಹಳೆಯ ಹೇಂಟೆಗಳನ್ನು ತೆಗೆಯುವಾಗ ನಂಬಿಕೆಯ ಮರಿಕೇಂದ್ರದಿಂದ ಮೊದಲ ಪೀಳಿಗೆಯ ಮರಿಗಳನ್ನೇ ತನ್ನಿ.

ಆ ತಾಯಿ ಈಗ ಹಾಗೆಯೇ ಮಾಡಿದ್ದಾರೆ. ಗೋಡೆಯ ಲೆಕ್ಕ ಬರೆಯುವವಳು ಮಗಳೇ.