ಒಂದೂವರೆ ಅಡಿ ಎತ್ತರದ ಲೆಕ್ಕಪರಿಶೋಧಕ

(ಕ್ಷಮಾವಾಣಿ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)



ಕ್ಷಮಾವಾಣಿಯ ದಿನ ಒಬ್ಬ ಚಾರ್ಟರ್ಡ್ ಅಕೌಂಟೆಂಟನನ್ನು ಮಾತಿಗೆ ಕರೆದಿರುವುದು ಸಂಘಟಕರ ಕ್ಷಮಾಗುಣಕ್ಕೆ ಸಾಕ್ಷಿ. ಸೆಪ್ಟೆಂಬರ್ ಎಂದರೆ ನಮಗೆ ತೆರಿಗೆ ಆಡಿಟ್‌ನ ಕಾಲ. ದಶಲಕ್ಷಣ ಪರ್ವವೂ ಬಹುತೇಕ ಇದೇ ಗಡಿಬಿಡಿಯ ನಡುವೆಯೇ ಬರುತ್ತದೆ. ಉತ್ತಮ ಕ್ಷಮೆಯ ದಿನದಂದೇ ನಾನು ಕಚೇರಿಯಲ್ಲಿ ಅತಿ ಹೆಚ್ಚು ಸಿಡುಕಿದ ವರ್ಷಗಳುಂಟು.

ಇತರರ ಖಾತೆಗಳಲ್ಲಿ ತಪ್ಪು ಹುಡುಕುವುದು ನನ್ನ ವೃತ್ತಿ. ಇಂದು ನನ್ನ ಮನೆಯ ಖಾತೆಯನ್ನೇ ಪರಿಶೋಧಿಸಿದ ಒಬ್ಬನ ವಿಷಯ ಹೇಳುತ್ತೇನೆ. ಅವನಿಗೆ ಪದವಿಯಿಲ್ಲ, ಶುಲ್ಕವಿಲ್ಲ. ನಾಲ್ಕು ಕಾಲು, ಒಂದು ಬಾಲ. ಹೆಸರು ಗುಂಡ.

ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಪುಣೆಯ ನಮ್ಮ ಕಟ್ಟಡದ ಪಾರ್ಕಿಂಗ್‌ನಲ್ಲಿ ತೊಯ್ದು ನಡುಗುತ್ತಿದ್ದ ಮರಿಯೊಂದನ್ನು ಮಗಳು ಮಡಿಲಲ್ಲಿ ಎತ್ತಿಕೊಂಡು ಬಂದಳು. ನನ್ನ ತಾಯಿ ಚಿಕ್ಕೋಡಿ ಕಡೆಯವರು. ತಂದೆಯವರು ತೀರಿಕೊಂಡ ನಂತರ ನಮ್ಮೊಡನೆ ಇದ್ದಾರೆ. ಮರಿಯನ್ನು ನೋಡಿದವರೇ, “ನಾಯಿ ಸಾಕಾಕ ನಾವೇನು ಹೊಲದಾಗ ಅದೇವೇನು? ಬಸದಿಗೆ ಹೋಗೋ ಮಡಿ ಬಟ್ಟಿ ಎಲ್ಲಿ ಇಡೂಣು? ಅದಕ್ಕ ತಿನ್ನಾಕ ಏನು ಹಾಕ್ತೀರಿ?” ಎಂದು ಕೇಳಿದರು.

ಕೊನೆಯ ಪ್ರಶ್ನೆ ನಮ್ಮ ಸಮಾಜದಲ್ಲಿ ಸಣ್ಣದಲ್ಲ. ಪಶುವೈದ್ಯರನ್ನು ಕಂಡೆವು. ನಾಯಿ ಬೆಕ್ಕಿನಂತಲ್ಲ, ಎಚ್ಚರಿಕೆಯಿಂದ ಯೋಜಿಸಿದರೆ ಸಸ್ಯಾಹಾರದಲ್ಲಿಯೂ ಬಾಳಬಲ್ಲದು, ಆದರೆ ನೀವೇ ನಿರ್ಧರಿಸಬೇಡಿ, ನಾನು ಹೇಳಿದಂತೆ ಕೊಡಿ, ಕಾಲಕಾಲಕ್ಕೆ ತಪಾಸಣೆಗೆ ಕರೆತನ್ನಿ ಎಂದರು. ಕೊಡಬಾರದ ವಸ್ತುಗಳ ಪಟ್ಟಿಯನ್ನೂ ಬರೆದುಕೊಟ್ಟರು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು. ಮಗಳು ಅದನ್ನು ಅಜ್ಜಿಗೆ ಓದಿ ಹೇಳಿದಳು. ಮೊದಲೆರಡು ಹೆಸರು ಕೇಳಿದ ತಾಯಿ ನಕ್ಕು, “ಹಂಗಾದ್ರ ಇದು ನಮ್ಮ ಮನೀದ ಐತಿ ಬಿಡು” ಎಂದರು. ಗುಂಡನ ಪ್ರವೇಶ ಹೀಗೆ ಅಂಗೀಕಾರವಾಯಿತು.

ಬಂಧುಗಳೆ, ನಮ್ಮ ಪರಂಪರೆಯಲ್ಲಿ ನಾಯಿ ಹೊರಗಿನದಲ್ಲ. ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಆ ನಾಯಿಯೇ ಸುದರ್ಶನ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಭಾಸ್ಕರ ಕವಿ 1424ರಲ್ಲಿ ಇದೇ ಜೀವಂಧರನ ಚರಿತೆಯನ್ನು ಕನ್ನಡದಲ್ಲಿ ಹಾಡಿದ್ದಾನೆ. ಧರ್ಮದಿಂದ ನಾಯಿಯೂ ದೇವನಾಗಬಲ್ಲದು, ಪಾಪದಿಂದ ದೇವನೂ ನಾಯಿಯಾಗಬಲ್ಲನು ಎಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಇವನ್ನು ನಾವು ಪ್ರವಚನದಲ್ಲಿ ತಲೆದೂಗುತ್ತ ಕೇಳುತ್ತೇವೆ. ಅನಂತರ ಮನೆಗೆ ಹೋಗುತ್ತೇವೆ. ಅಲ್ಲಿ ನಡೆಯುವುದನ್ನು ನೋಡುವವರು ಯಾರು?

ಲೆಕ್ಕಪರಿಶೋಧಕನಿಗೆ ಬೇಕಾದ ಮೊದಲ ಗುಣ ನಿಷ್ಪಕ್ಷಪಾತ. ಗುಂಡನಿಗೆ ಅದು ಹುಟ್ಟಿನಿಂದಲೇ ಬಂದಿದೆ. ಅವನ ಕಣ್ಣು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದೆ. ಅಲ್ಲಿಂದ ಗೋಡೆಯ ಮೇಲಿನ ಸನ್ಮಾನಪತ್ರಗಳು ಕಾಣುವುದಿಲ್ಲ. ಕಾಲುಗಳು ಕಾಣುತ್ತವೆ, ಕೈಗಳು ಕಾಣುತ್ತವೆ. ಯಾರ ಹೆಜ್ಜೆ ಭಾರವಾಗಿದೆ, ಯಾರ ಕೈ ಮೃದುವಾಗಿದೆ ಎಂಬುದು ತಿಳಿಯುತ್ತದೆ. ಪರ್ವದ ದಿನ ಯಾವುದು, ಸಾಮಾನ್ಯ ದಿನ ಯಾವುದು ಎಂಬುದು ಅವನಿಗೆ ತಿಳಿಯದು. ಆದ್ದರಿಂದ ಪರ್ವದ ದಿನಕ್ಕೆಂದು ವಿಶೇಷ ರಿಯಾಯಿತಿಯೂ ಇಲ್ಲ.

ಅವನು ತೋರಿಸಿದ ಮೂರು ಆಕ್ಷೇಪಣೆಗಳನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಮೊದಲನೆಯದು. ಒಂದು ರಾತ್ರಿ ಮಗಳ ಗಣಿತದ ಅಂಕಪಟ್ಟಿ ಹಿಡಿದು ನಾನು ಕೂಗಾಡಿದೆ. ಕೈ ಎತ್ತಲಿಲ್ಲ. ನಾನು ಎಂದೂ ಯಾರ ಮೇಲೂ ಕೈ ಎತ್ತಿದವನಲ್ಲ, ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆದರೆ ಗುಂಡ ಬಾಲ ಮುದುಡಿಕೊಂಡು ಮಂಚದ ಕೆಳಗೆ ಹೋಗಿ ಅಡಗಿದ. ಅವನನ್ನು ಕರೆಯಲು ಬಗ್ಗಿದೆ. ಅವನು ಬರಲಿಲ್ಲ, ನನ್ನನ್ನೇ ನೋಡುತ್ತಿದ್ದ. ತಲೆಯೆತ್ತಿದಾಗ ಮಗಳ ಮುಖ ಕಂಡಿತು. ಅಲ್ಲಿಯೂ ಅದೇ ನೋಟ. ವ್ಯತ್ಯಾಸವಿಷ್ಟೆ: ಅಡಗಿಕೊಳ್ಳಲು ಅವಳಿಗೆ ಮಂಚದ ಕೆಳಗೆ ಜಾಗವಿರಲಿಲ್ಲ. ಈ ನೋಟ ನಮ್ಮ ಮನೆಯಲ್ಲಿ ಎಷ್ಟು ವರ್ಷಗಳಿಂದ ಇತ್ತೋ. ನಾಯಿ ಬರುವವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯದು. ತಾಯಿಗೆ ರಾತ್ರಿಭೋಜನ ತ್ಯಾಗದ ನಿಯಮವಿದೆ. ಸೂರ್ಯಾಸ್ತಕ್ಕೆ ಮುನ್ನ ಅವರ ಊಟ ಮುಗಿಯುತ್ತದೆ. ನಾನೂ ಪತ್ನಿಯೂ ಮನೆ ಸೇರುವಾಗ ಎಂಟು ಗಂಟೆ. “ನಮ್ಮ ತಾಯಿಯವರು ಇಂದಿಗೂ ನಿಯಮ ಬಿಟ್ಟಿಲ್ಲ” ಎಂದು ನಾಲ್ಕು ಜನರ ಮುಂದೆ ಅಭಿಮಾನದಿಂದ ಹೇಳುತ್ತಿದ್ದೆ. ಒಂದು ದಿನ ಜ್ವರವೆಂದು ಆರು ಗಂಟೆಗೇ ಮನೆಗೆ ಬಂದೆ. ತಾಯಿ ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕುಳಿತಿದ್ದರು. ಎದುರಿಗೆ ಗುಂಡ ಕುಳಿತಿದ್ದ. ಅವರು ಅವನೊಡನೆ ಊರಿನ ಬಾವಿಯ ವಿಷಯ, ನನ್ನ ತಂದೆಯವರ ಎತ್ತುಗಳ ವಿಷಯ ಮಾತನಾಡುತ್ತಿದ್ದರು. ಅವನು ಕಿವಿ ನಿಮಿರಿಸಿ ಕೇಳುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಐದು ವರ್ಷ ನನ್ನ ತಾಯಿ ಪ್ರತಿ ಸಂಜೆ ಒಬ್ಬರೇ ಉಂಡಿದ್ದರು. ವ್ರತ ಅವರದು, ಅಭಿಮಾನ ನನ್ನದು, ಜೊತೆಗೆ ಕುಳಿತವನು ಮಾತ್ರ ಗುಂಡ.

ಮೂರನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ನಮ್ಮ ಮನೆಗೆಲಸಕ್ಕೆ ಬರುವ ಮೌಶಿ ಬಂದಾಗ, ನಾನು ಬಂದಾಗ ಕುಣಿದಷ್ಟೇ ಗುಂಡ ಕುಣಿಯುತ್ತಾನೆ. ಒಂದು ಬೆಳಿಗ್ಗೆ ಅವನು ಆಕೆಯ ಹಿಂದೆಯೇ ಬಾಲ್ಕನಿಗೆ ಹೋದ. ನಾನೂ ಅತ್ತ ನೋಡಿದೆ. ಅಲ್ಲಿನ ಗೂಡಿನಲ್ಲಿ ಆಕೆಯ ಚಹಾದ ಬೇರೆ ಲೋಟ ಇತ್ತು. ಗುಂಡನ ನೀರಿನ ಬಟ್ಟಲಾದರೋ ಅಡುಗೆಮನೆಯ ಒಳಗೇ ಇತ್ತು. ನಾಯಿಯ ಬಟ್ಟಲು ಒಳಗೆ, ಮನುಷ್ಯಳ ಲೋಟ ಹೊರಗೆ. ಪ್ರಾಣಿದಯೆಯೆಂದು ನಾವು ಕರೆದುಕೊಂಡದ್ದರ ನಿಜವಾದ ಲೆಕ್ಕ ಇದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಭಾರ ಹೊರಿಸುವುದು, ಅನ್ನನೀರು ತಡೆಯುವುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮನ್ನು ಓದಿದಾಗ ನಾನು ಬೆರಗಾದೆ. ಈ ಐದೂ ಅಲ್ಲಿ ಬೇರೆ ಮಾತುಗಳಲ್ಲಿ ಇವೆ. ಆದರೆ ಮೊದಲ ಅಪರಾಧಕ್ಕೆ ಆ ಕಾಯ್ದೆ ವಿಧಿಸಿದ ದಂಡ 10ರಿಂದ 50 ರೂಪಾಯಿ! ಆದ್ದರಿಂದ ದಂಡಕ್ಕೆ ಹೆದರಿ ಯಾರೂ ದಯಾವಂತರಾಗುವುದಿಲ್ಲ. ನಾವು ಕಾಯ್ದೆಗಿಂತ ಎಷ್ಟೋ ಶತಮಾನ ಮೊದಲೇ ಈ ಪಟ್ಟಿಯನ್ನು ಹೊಂದಿದ್ದೆವು. ಆದರೆ ಅದನ್ನು ಎತ್ತು, ಕುದುರೆಗಳಿಗಷ್ಟೇ ಸಂಬಂಧಿಸಿದ್ದೆಂದು ಓದಿ ಮುಂದೆ ಸಾಗಿದೆವು. ಮಗಳ ಮೇಲಿನ ಭಾರ, ತಾಯಿಯ ಒಂಟಿ ತಟ್ಟೆ, ಬಾಲ್ಕನಿಯ ಲೋಟ ಯಾವ ಕಲಮಿನಲ್ಲಿ ಬರುತ್ತವೆ? ನನ್ನ ಓದಿನಲ್ಲಿ ಆ ಐದರಲ್ಲೇ ಬರುತ್ತವೆ.

ಇನ್ನು ಮನೆಯ ಹೊರಗಿನ ಮಾತು. ನಗರಗಳ ಹೌಸಿಂಗ್ ಸೊಸೈಟಿಗಳಲ್ಲಿ ಕಾರ್ಯದರ್ಶಿ, ಖಜಾಂಚಿ ಹುದ್ದೆಗಳು ಆಗಾಗ ನಮ್ಮವರ ಪಾಲಿಗೆ ಬರುತ್ತವೆ. ನಾನೂ ಖಜಾಂಚಿಯಾಗಿದ್ದೆ. ಬೀದಿನಾಯಿಗೆ ಅನ್ನ ಹಾಕಿದ ವೃದ್ಧೆಯೊಬ್ಬರಿಗೆ ನೋಟಿಸು ಕೊಡುವ ನಿರ್ಣಯಕ್ಕೆ ಸಹಿ ಹಾಕಿದ್ದೆ. ಆಗ ನನಗೆ ನಮ್ಮ ಇತಿಹಾಸ ತಿಳಿದಿರಲಿಲ್ಲ. ಮುಂಬಯಿಯಲ್ಲಿ ಬ್ರಿಟಿಷ್ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದಾಗ, 1832ರಲ್ಲಿ ಪಾರ್ಸಿಗಳು ಮುಂದಾಗಿ ಪ್ರತಿಭಟಿಸಿದರು. ಜೈನರೂ ಅವರ ಜೊತೆಗಿದ್ದರು. 1834ರಲ್ಲಿ ಜಮ್ಶೇಟ್‌ಜಿ ಜೀಜೀಭಾಯಿಯವರೊಂದಿಗೆ ಜೈನ ವರ್ತಕರು ಕೈಜೋಡಿಸಿ ಪಾಂಜರಪೋಳವನ್ನು ಸ್ಥಾಪಿಸಿದರು. ಅಂದು ಅನ್ಯಧರ್ಮೀಯರೊಡನೆ ನಾಯಿಗಳ ಪರವಾಗಿ ನಿಂತ ಸಮಾಜ ನಮ್ಮದು.

ನಾಯಿ ಕಚ್ಚಿದ ಮಗುವಿನ ನೋವನ್ನು ನಾನು ಅಲ್ಲಗಳೆಯುತ್ತಿಲ್ಲ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅತಿ ವಿರಳ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದಿಡುವಂತೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಹನ್ನೊಂದು ದಿನಗಳ ನಂತರ ಅದನ್ನು ಮಾರ್ಪಡಿಸಿ, ಲಸಿಕೆ ಹಾಕಿಸಿದ ಆರೋಗ್ಯವಂತ ನಾಯಿಗಳನ್ನು ಮರಳಿ ಬಿಡಲು ಹೇಳಿತು. ಭಯಕ್ಕೂ ದಯೆಗೂ ನಡುವಣ ಆ ದಾರಿ ಸುಲಭವಲ್ಲ. ಆದರೆ ಲಸಿಕೆಗೂ ಸಂತಾನಹರಣ ಶಸ್ತ್ರಚಿಕಿತ್ಸೆಗೂ ಸೊಸೈಟಿಯ ಹಣದಿಂದ ಒಂದು ಪಾಲು ತೆಗೆದಿಡುವುದು ಸುಲಭ. ನಾನು ಸಹಿ ಹಾಕಬೇಕಾಗಿದ್ದುದು ಆ ನಿರ್ಣಯಕ್ಕೆ.

ಈಗ ನಮ್ಮ ಮನೆಯಲ್ಲಿ ಏನು ಬದಲಾಗಿದೆ? ಮೌಶಿಯ ಲೋಟ ಒಳಗೆ ಬಂದಿದೆ. ಅದನ್ನು ತಂದಿಟ್ಟವರು ನನ್ನ ತಾಯಿಯೇ. ಶನಿವಾರ, ಭಾನುವಾರ ಎಲ್ಲರೂ ತಾಯಿಯೊಡನೆ ಹಗಲಿನಲ್ಲೇ ಉಣ್ಣುತ್ತೇವೆ. ಉಳಿದ ದಿನಗಳಲ್ಲಿ ಮಗಳು ತನ್ನ ಪುಸ್ತಕ ಹಿಡಿದು ಅಜ್ಜಿಯ ಪಕ್ಕದಲ್ಲಿ ಕೂರುತ್ತಾಳೆ. ನನ್ನ ಸ್ವರ ಮಾತ್ರ ಈಗಲೂ ಒಮ್ಮೊಮ್ಮೆ ಏರುತ್ತದೆ. ಕಳೆದ ವಾರವೂ ಗುಂಡ ಮಂಚದ ಕೆಳಗೆ ಹೋದ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಈ ವರ್ಷವೂ ನನಗೆ ದೊರೆತದ್ದು ಆಕ್ಷೇಪಣೆ ಸಹಿತ ವರದಿ.

ಇಂದು ಬೆಳಿಗ್ಗೆಯಿಂದ ನಮ್ಮ ಮೊಬೈಲುಗಳಲ್ಲಿ ನೂರಾರು ಕ್ಷಮಾಪಣೆಗಳು ಬಂದಿವೆ, ಹೋಗಿವೆ. ಒಂದೇ ಸಂದೇಶವನ್ನು ಮುನ್ನೂರು ಜನರಿಗೆ ನಾನೂ ಕಳಿಸಿದ್ದೇನೆ. ಅವರಲ್ಲಿ ಬಹಳ ಮಂದಿಗೆ ನಾನು ಯಾವ ನೋವನ್ನೂ ಕೊಟ್ಟಿಲ್ಲ. ನೋವು ಕೊಟ್ಟವರ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ. ಅವರು ಮನೆಯಲ್ಲಿದ್ದರು. ಇಲ್ಲಿಗೆ ಹೊರಡುವ ಮುನ್ನ ಮಗಳ ಎದುರು, ತಾಯಿಯ ಎದುರು, ಪತ್ನಿಯ ಎದುರು, ಮೌಶಿಯ ಎದುರು ನಿಂತು ಕೈಮುಗಿದು ಕ್ಷಮೆ ಕೇಳಿದೆ. ಮುನ್ನೂರು ಸಂದೇಶ ಕಳಿಸಲು ಒಂದು ನಿಮಿಷ ಸಾಕಾಗಿತ್ತು. ಈ ನಾಲ್ವರ ಎದುರು ಬಾಯಿ ತೆರೆಯಲು ಬಹಳ ಹೊತ್ತು ಬೇಕಾಯಿತು. ಗುಂಡ ಬಾಗಿಲಲ್ಲಿ ಕುಳಿತು ನೋಡುತ್ತಿದ್ದ.

ತಾವೂ ಮನೆಗೆ ಮರಳಿದ ಮೇಲೆ ಬಾಗಿಲು ತೆರೆಯುವವರ ಮುಖವನ್ನು ಒಮ್ಮೆ ನೋಡಿರೆಂದು ಬೇಡುತ್ತೇನೆ. ಅಲ್ಲಿಂದ ಕ್ಷಮಾವಾಣಿ ಆರಂಭವಾಗಲಿ. ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಮನ್ನಿಸಿರಿ.

ಜೈ ಜಿನೇಂದ್ರ.