ಬೀದಿಯ ಪಾಲಾದ ಮಗು, ಲೂಟಿಯಾದ ತಾಯಿ
(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂಟಿಯಾಗಿ ಮಕ್ಕಳನ್ನು ಸಾಕುವ ಹೆಣ್ಣಿನ ವಿಷಯ ನಮ್ಮ ವೇದಿಕೆಗಳಲ್ಲಿ ಬಂದಾಗಲೆಲ್ಲ ಮಾತು ಬಹುಬೇಗ ಅವಳ ನಡತೆಯ ಕಡೆಗೆ ತಿರುಗುತ್ತದೆ. ಎಲ್ಲಿಗೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಮರಳುತ್ತಾಳೆ, ಮಗನನ್ನೇಕೆ ಹದ್ದುಬಸ್ತಿನಲ್ಲಿ ಇಟ್ಟಿಲ್ಲ ಎಂಬುದೇ ಚರ್ಚೆಯಾಗುತ್ತದೆ. ಮನೆ ಬಾಡಿಗೆ ಎಷ್ಟು, ಅವಳು ದುಡಿಯಲು ಹೋದಾಗ ಮಗು ಯಾರ ಬಳಿ ಇರುತ್ತದೆ ಎಂದು ಕೇಳುವವರು ವಿರಳ. ಆ ಪ್ರಶ್ನೆಗಳನ್ನೇ ಕೇಳಿದ ಅಮೆರಿಕದ ಕಾದಂಬರಿಯೊಂದನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

ಅದರ ಹೆಸರು 'ದಿ ಸ್ಟ್ರೀಟ್', ಅಂದರೆ ಬೀದಿ. 1946ರಲ್ಲಿ ಪ್ರಕಟವಾಯಿತು. ಬರೆದವರು ಆನ್ ಪೆಟ್ರಿ ಎಂಬ ಕಪ್ಪು ಜನಾಂಗದ ಮಹಿಳೆ. ಕನೆಕ್ಟಿಕಟ್ ರಾಜ್ಯದ ಸಣ್ಣ ಪಟ್ಟಣವೊಂದರಲ್ಲಿ ಔಷಧದಂಗಡಿ ಇಟ್ಟಿದ್ದ ಕುಟುಂಬದವರು. 1938ರಲ್ಲಿ ಮದುವೆಯಾಗಿ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದ ಅವರು ಮುಂದೆ 'ದಿ ಪೀಪಲ್ಸ್ ವಾಯ್ಸ್' ಎಂಬ ವಾರಪತ್ರಿಕೆಯ ವರದಿಗಾರ್ತಿಯಾದರು. ಕಟ್ಟಡದ ಮೇಲ್ವಿಚಾರಕನೊಬ್ಬ ಬಾಲಕನಿಗೆ ಅಂಚೆಪೆಟ್ಟಿಗೆಗಳಿಂದ ಕಾಗದ ಕದಿಯಲು ಕಲಿಸಿದನೆಂಬ ಪತ್ರಿಕಾ ಸುದ್ದಿಯೇ ಈ ಕಾದಂಬರಿಯ ಬೀಜ. ಅಂಥ ಸುದ್ದಿಯನ್ನು ನಾವು ನಾಲ್ಕು ಸಾಲಿನಲ್ಲಿ ಮುಗಿಸುತ್ತೇವೆ. ಪೆಟ್ರಿ ಆ ಬಾಲಕನಿಗೊಬ್ಬ ತಾಯಿಯನ್ನು ಕೊಟ್ಟರು. ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಮೆರಿಕದ ಕಪ್ಪು ಲೇಖಕಿಯೊಬ್ಬರ ಕಾದಂಬರಿಗೆ ಅಷ್ಟು ಓದುಗರು ದೊರೆತದ್ದು ಅದೇ ಮೊದಲು.

ಆ ತಾಯಿಯ ಹೆಸರು ಲೂಟಿ ಜಾನ್ಸನ್. ಹೆಸರು ಕೇಳಿ ನಗಬೇಡಿ. ಕಥೆಯುದ್ದಕ್ಕೂ ಲೂಟಿಯಾಗುವವಳು ಅವಳೇ. ಕಪ್ಪು ಬಣ್ಣದ ಗಂಡನಿಗೆ ಎಲ್ಲೂ ಕೆಲಸವಿಲ್ಲ. ಅವಳು ಬಿಳಿಯ ಶ್ರೀಮಂತರ ಮನೆಯಲ್ಲಿ ಉಳಿದು ಚಾಕರಿ ಮಾಡುತ್ತಾಳೆ. ಪರರ ಮಗುವನ್ನು ನೋಡಿಕೊಳ್ಳಲು ತನ್ನ ಮಗುವನ್ನು ಬಿಟ್ಟು ಹೋಗಬೇಕು. ಬಸ್ಸು ರೈಲಿನ ಖರ್ಚು ಉಳಿಸಲೆಂದು ಊರಿಗೆ ಬರುವುದೇ ಅಪರೂಪ. ಅಷ್ಟರಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ತಂದಿರುತ್ತಾನೆ.

ಲೂಟಿ ಕೈಕಟ್ಟಿ ಕೂರುವುದಿಲ್ಲ. ರಾತ್ರಿ ಶಾಲೆಯಲ್ಲಿ ಬೆರಳಚ್ಚು ಕಲಿತು ಸರಕಾರಿ ಗುಮಾಸ್ತೆಯಾಗುತ್ತಾಳೆ. ಎಂಟು ವರ್ಷದ ಮಗ ಬಬ್‌ನೊಂದಿಗೆ 116ನೇ ಬೀದಿಯ ಹಳೆಯ ಕಟ್ಟಡದ ಕತ್ತಲೆಯ ಕೋಣೆಗಳಿಗೆ ಬರುತ್ತಾಳೆ. ದುಡಿದರೆ ಯಾರೂ ಮೇಲೆ ಬರಬಹುದೆಂಬ ಉಪದೇಶವನ್ನು ಆ ಬಿಳಿಯರ ಮನೆಯಲ್ಲಿ ಕೇಳಿದ್ದಳು. ಬ್ರೆಡ್ ಹಿಡಿದು ಬೀದಿಯಲ್ಲಿ ನಡೆಯುವಾಗ, ಬಡತನದಿಂದ ಮೇಲೆ ಬಂದ ಬೆಂಜಮಿನ್ ಫ್ರಾಂಕ್ಲಿನ್‌ಗೆ ತನ್ನನ್ನು ಹೋಲಿಸಿಕೊಳ್ಳುತ್ತಾಳೆ. ನಾವು ವೇದಿಕೆಯಿಂದ ಬಡವರಿಗೆ ಹೇಳುವ ಎಲ್ಲವನ್ನೂ, ಓದು, ಉಳಿತಾಯ, ಮಾನ, ಶ್ರಮ, ಅವಳು ಪಾಲಿಸಿದ್ದಾಳೆ. ಆದರೂ ಸೋಲುತ್ತಾಳೆ. ಈ ಕಾದಂಬರಿ ನಮ್ಮನ್ನು ಕಾಡುವುದು ಅದಕ್ಕಾಗಿಯೇ.

ಸೋಲು ಒಳನುಗ್ಗುವುದು ಶಾಲೆ ಬಿಡುವ ಹೊತ್ತಿಗೂ ತಾಯಿ ಮರಳುವ ಹೊತ್ತಿಗೂ ನಡುವಿನ ಬಿಡುವಿನಲ್ಲಿ. ಬಬ್‌ಗೆ ಖಾಲಿ ಮನೆಯೆಂದರೆ ಭಯ. ತಾಯಿಗೆ ಸದಾ ಹಣದ ಚಿಂತೆ. ನೆರವಾಗೋಣವೆಂದು ಅವನು ಬೂಟ್ ಪಾಲಿಶ್ ಪೆಟ್ಟಿಗೆ ಹಿಡಿದರೆ ಅವಳು ಕೆನ್ನೆಗೆ ಬಾರಿಸುತ್ತಾಳೆ. ಕಪ್ಪು ಮಕ್ಕಳಿಗೆ ಬಿಳಿಯರು ಗೊತ್ತುಮಾಡಿದ ಕೆಲಸ ಅದು ಎಂಬ ಸಿಟ್ಟು ಅವಳದು. ಅತ್ತ ಕಟ್ಟಡದ ಮೇಲ್ವಿಚಾರಕ ಅವಳ ಮೈಮೇಲೆ ಕೈಹಾಕಲು ಹೋಗಿ ವಿಫಲನಾಗಿದ್ದಾನೆ. ಆ ಸೇಡಿಗೆ ಮಗನನ್ನು ಹಿಡಿಯುತ್ತಾನೆ. ಕಾಗದ ತೆಗೆದುಕೊಡು, ಕಳ್ಳರನ್ನು ಹಿಡಿಯಲು ಪೊಲೀಸರಿಗೆ ಸಹಾಯವಾಗುತ್ತದೆ ಎಂದು ನಂಬಿಸುತ್ತಾನೆ. ಮಗು ಸಿಕ್ಕಿಬೀಳುತ್ತದೆ.

ಲೂಟಿ ವಕೀಲನ ಬಳಿ ಓಡುತ್ತಾಳೆ. ಅವನು 200 ಡಾಲರ್ ಕೇಳುತ್ತಾನೆ. ಈ ಪ್ರಕರಣಕ್ಕೆ ವಕೀಲನೇ ಬೇಡವೆಂದು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕಾದಂಬರಿಯ ಕೊಲೆಗಿಂತಲೂ ಕ್ರೂರವಾದ ಪುಟ ಇದೆಂದು ನಮ್ಮ ಅಭಿಪ್ರಾಯ. (ನಮ್ಮ ದೇಶದಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರ ನೆರವಿದೆ. ನಮ್ಮ ಮಹಲ್ಲಾಗಳಲ್ಲಿ ಎಷ್ಟು ತಾಯಂದಿರಿಗೆ ಇದು ತಿಳಿದಿದೆ?) ಆ ಹಣಕ್ಕಾಗಿ ಅವಳು ವಾದ್ಯಗಾರನೊಬ್ಬನ ಬಾಗಿಲಿಗೆ ಹೋಗುತ್ತಾಳೆ. ಅವನು ಬೆಲೆಯಾಗಿ ಅವಳನ್ನೇ ಕೇಳುತ್ತಾನೆ. ಅವನನ್ನು ಹೊಡೆದು ಕೊಂದು, ಮಗನನ್ನು ಮಕ್ಕಳ ಆಶ್ರಯದಲ್ಲೇ ಬಿಟ್ಟು ಶಿಕಾಗೋ ರೈಲು ಹತ್ತುತ್ತಾಳೆ.

ಹಾರ್ಲೆಮ್‌ನಲ್ಲಿ ಚರ್ಚುಗಳಿಗೇನೂ ಕೊರತೆ ಇರಲಿಲ್ಲ. ಲೂಟಿಯ ಬಾಗಿಲಿಗೆ ಮಾತ್ರ ಒಬ್ಬ ಪಾದ್ರಿಯೂ ಬರುವುದಿಲ್ಲ. ಅದೇ ಕಟ್ಟಡದ ಮಿನ್ ಎಂಬ ಇನ್ನೊಬ್ಬ ಬಡ ಹೆಂಗಸು ತನ್ನ ಸಂಕಟಕ್ಕೆ ಬೇರುಮದ್ದಿನ ಮಾಟಗಾರನ ಬಳಿ ಹೋಗುತ್ತಾಳೆ. ಪುಡಿ, ದ್ರವಗಳಿಗಿಂತ ಅವಳಿಗೆ ಹಿತವೆನಿಸುವುದು ಅವನು ಕುಳಿತು ಅವಳ ಮಾತು ಕೇಳಿದ್ದು. ತಾವೀಝು, ಮಂತ್ರವಾದಿಗಳ ವಿರುದ್ಧ ನಮ್ಮ ಪತ್ರಿಕೆ ಬರೆಯುತ್ತಲೇ ಬಂದಿದೆ, ಮುಂದೆಯೂ ಬರೆಯುತ್ತದೆ. ಆದರೆ ಅಲ್ಲಿ ಸಾಲುಗಟ್ಟುವ ಸಹೋದರಿಯರ ಮಾತನ್ನು ನಮ್ಮ ಸಂಸ್ಥೆಗಳಲ್ಲಿ ಕುಳಿತು ಕೇಳುವವರು ಯಾರು?

ಬರಡು ಕಣಿವೆಯಲ್ಲಿ ಹಸುಗೂಸಿನೊಂದಿಗೆ ಒಂಟಿಯಾಗಿ ನೀರಿಗಾಗಿ ಓಡಿದ ಹಾಜಿರಾರ(ಅ) ಹೆಜ್ಜೆಗಳನ್ನು ಸಫಾ ಮರ್ವಾಗಳ ನಡುವೆ ಇಂದಿಗೂ ಹಾಜಿಗಳು ಅನುಸರಿಸುತ್ತಾರೆ. ಆ ಸಮುದಾಯಕ್ಕೆ ಒಂಟಿ ತಾಯಿಯ ಓಟ ಏನೆಂದು ಬೇರೆಯವರು ವಿವರಿಸಬೇಕಿಲ್ಲ.

ಜಮಾಅತ್ ಸಮಿತಿಯವರು ಈ ಸಭೆಯಲ್ಲಿ ಇದ್ದಾರೆ. ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ತಾಯಂದಿರು ನಮ್ಮ ಮಹಲ್ಲಾದಲ್ಲಿ ಎಷ್ಟು ಮಂದಿ ಎಂದು ಮೊದಲು ಎಣಿಸಿ. ಶಾಲೆ ಬಿಟ್ಟ ಮೇಲೆ ಮಗ್ರಿಬ್‌ವರೆಗೆ ಅವರ ಮಕ್ಕಳು ಎಲ್ಲಿರುತ್ತಾರೆಂದು ವಿಚಾರಿಸಿ. ಆ ಹೊತ್ತಿನಲ್ಲಿ ಮದ್ರಸದ ಕೊಠಡಿಗಳು ಬಹುತೇಕ ಖಾಲಿ ಇರುತ್ತವೆ. ಅಲ್ಲೇ ಓದಿ ಬೆಳೆದ ನಮಗೆ ಅದು ಗೊತ್ತು. ಬೀಗದ ಕೈ ಸಮಿತಿಯ ಬಳಿಯೇ ಇದೆ.