ಎರಡು ಕಣ, ಒಂದು ಮೈ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜಾತ್ರೆಗಳಲ್ಲಿ ಕುಸ್ತಿಯೆಂದರೆ ಮಣ್ಣಿನ ಕಣ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಆಟ ಮುಗಿಯಿತು. ಮ್ಯಾಟಿನ ಫ್ರೀಸ್ಟೈಲ್‌ನಲ್ಲಿ 3 ನಿಮಿಷದ ಎರಡು ಸುತ್ತು, ಕೆಡವಿದ ಬಗೆಗೆ ತಕ್ಕ ಅಂಕ. ಗರಡಿಯ ಹುಡುಗ ಜೂಡೋಕ್ಕೂ ಸೇರಿದನೋ, ಗೊಂದಲ ಇನ್ನೂ ಹೆಚ್ಚು: ಕುಸ್ತಿಯಲ್ಲಿ ಕಾಲು ಹಿಡಿದು ಕೆಡವಿದರೆ ಶಾಬಾಸ್, ಅಂತರರಾಷ್ಟ್ರೀಯ ಜೂಡೋದಲ್ಲಿ 2013ರಿಂದ ಅದೇ ಹಿಡಿತಕ್ಕೆ ದಂಡ.



ಮಕ್ಕಳು ಎರಡೂ ವಿದ್ಯೆ ಕಲಿಯಲಿ, ತಡೆಯಬೇಡಿ. ಆದರೆ ವಸ್ತಾದರೂ ಜೂಡೋ ಗುರುಗಳೂ ಕೂತು ಮಾತಾಡಲೇಬೇಕು. ಬೆಳಿಗ್ಗೆ ಗರಡಿ, ಸಂಜೆ ಜೂಡೋ ಎಂದರೂ ದಣಿಯುವ ಮೈ ಒಂದೇ. ಪಂದ್ಯದ ಹಿಂದಿನ ವಾರವಂತೂ ಆ ಪಂದ್ಯದ ತಾಲೀಮಷ್ಟೇ ಇರಲಿ.